ನಲವತ್ತೊಂದನೇ ಗೂಡಿನ ಚಪ್ಪಲಿ

ಪಾಮನಕಲ್ಲೂರಿನ ನಮ್ಮಪ್ಪನ ಮನೆಯ ಪಡಸಾಲೆಯಲ್ಲಿ, ಬೀರದೇವರ ಪಟದ ಪಕ್ಕದಲ್ಲಿ, ಇವತ್ತಿಗೂ ಇನ್ನೊಂದು ಪಟವಿದೆ. ಹೆಗಲ ಮೇಲೆ ಕುರಿಮರಿ ಹೊತ್ತು ನಿಂತ ಯೇಸುವಿನ ಪಟ. ಕಾಲೇಜಿನಲ್ಲಿ ನನಗೆ ಬಂದ ಬಹುಮಾನ ಅದು. ನಾನು ಅದನ್ನು ಟ್ರಂಕಿನ ತಳಕ್ಕೆ ಸೇರಿಸಿ ತಂದಿದ್ದೆ, ಅಲ್ಲೇ ಬಿದ್ದಿರಲಿ ಎಂದು. ಅವ್ವ ಬಟ್ಟೆ ಬಿಸಿಲಿಗೆ ಹಾಕಲು ಟ್ರಂಕು ತೆಗೆದಾಗ ಹೊರಗೆ ಬಂತು. ನಮ್ಮದು ಕುರಿ ಕಾಯುವ ಮನೆತನ. ಅಪ್ಪ ಪಟವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ.

"ಇಂವ ನಮ್ಮಾಂವನ ಅದಾನಲ್ಲ," ಅಂದ. "ಆದ್ರ ಮರಿ ಹಿಡಿಯಾಕ ಬರಂಗಿಲ್ಲ ನೋಡು. ಹಿಂಗ ಕಾಲು ಒತ್ತಿ ಹಿಡದ್ರ ಒದ್ದಾಡತೈತಿ."

ತಪ್ಪು ಕಂಡುಹಿಡಿದ ಮೇಲೂ ಅವನೇ ಮೊಳೆ ಹೊಡೆದು ತೂಗುಹಾಕಿದ. ಮನೆಗೆ ಬಂದವರಿಗೆಲ್ಲ ತೋರಿಸುತ್ತಾನೆ. "ನಮ್ಮ ಹುಡುಗಿಗೆ ಕೊಟ್ಟಾರ. ಪ್ರಾರ್ಥನಿಗೆ ಒಂದು ದಿನಾನೂ ತಪ್ಪಿಸಿಲ್ಲಂತ." ಪಟದ ಹಿಂದಿನ ರಟ್ಟಿನ ಮೇಲೂ ಕಾಲೇಜಿನವರು ದುಂಡನೆಯ ಅಕ್ಷರದಲ್ಲಿ ಅದನ್ನೇ ಬರೆದಿದ್ದಾರೆ. ಅದು ಸುಳ್ಳು. ಬರೆದವರ ಸುಳ್ಳಲ್ಲ, ನನ್ನ ಸುಳ್ಳು. ಅದರ ಫಲವನ್ನು ನಾನೇ ಉಂಡಿದ್ದರೆ ಈಗ ಕೂತು ಇದನ್ನು ಬರೆಯುತ್ತಿರಲಿಲ್ಲ. ಉಂಡವಳು ಬೇರೆಯವಳು.

ಎಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ಪಿಯುಸಿ ಪಾಸಾದ ನನ್ನನ್ನು ಅಪ್ಪ ಲಿಂಗಸುಗೂರಿನ ಆಚೆ, ಊರ ಹೊರಗಿದ್ದ ಒಂದು ಮಿಷನ್ ಕಾಲೇಜಿಗೆ ಸೇರಿಸಿದ. ಹೆಣ್ಣುಮಕ್ಕಳಿಗೆ ಶಿಕ್ಷಕಿಯರ ತರಬೇತಿ ಕೊಡುವ ಕಾಲೇಜು, ಎರಡು ವರ್ಷ, ಅಲ್ಲೇ ಹಾಸ್ಟೆಲು. ಅಪ್ಪನಿಗೆ ಕ್ರೈಸ್ತರ ಬಗ್ಗೆ ಏನೂ ಗೊತ್ತಿರಲಿಲ್ಲ. ಕಾಂಪೌಂಡು ಎತ್ತರವಿದೆ, ಗೇಟಿಗೆ ಬೀಗವಿದೆ, ವಾರ್ಡನ್ ಮೇಡಂ ನಗುವುದಿಲ್ಲ. ಇಷ್ಟು ನೋಡಿ ಅವನಿಗೆ ಸಮಾಧಾನವಾಯಿತು.

ಹಾಸ್ಟೆಲಿನಲ್ಲಿದ್ದವರು ಯಾವ ಜಾತಿಯವರೇ ಇರಲಿ, ಬೆಳಿಗ್ಗೆ ಆರೂವರೆಗೆ ಚಾಪೆಲ್ಲಿಗೆ ಬರಬೇಕಿತ್ತು. ಹೆಂಚು ಹೊದಿಸಿದ ಸಣ್ಣ ಪ್ರಾರ್ಥನಾ ಮಂದಿರ ಅದು. ನೆಲಕ್ಕೆ ಜಮಖಾನೆ. ಮೊದಲ ವರ್ಷದವರು ನಾವು ನಲವತ್ತೆರಡು ಜನ. ಎರಡನೇ ವರ್ಷದವರ ಹಿಂದೆ, ನಂಬರಿನ ಪ್ರಕಾರ ಸಾಲಾಗಿ ಕೂಡಬೇಕು. ಎರಡು ಹಾಡು, ಒಂದು ಓದು, ಸಣ್ಣ ಉಪದೇಶ, ಕೊನೆಗೆ ಪ್ರಾರ್ಥನೆ, ಎಲ್ಲ ಸೇರಿ ಮುಕ್ಕಾಲು ಗಂಟೆ. ನನ್ನ ನಂಬರು ನಲವತ್ತೊಂದು. ನನ್ನ ಜಾಗ ಕಡೆಯ ಸಾಲಿನಲ್ಲಿ, ಒಂದು ದಪ್ಪ ಕಂಬದ ಹಿಂದೆ. ಮುಂದೆ ನಿಂತವರಿಗೆ ನಾನು ಕಾಣುತ್ತಿರಲಿಲ್ಲ, ನನಗೂ ಅವರು ಕಾಣುತ್ತಿರಲಿಲ್ಲ.

ಪ್ರಿನ್ಸಿಪಾಲರು ವಯಸ್ಸಾದ ಪಾದ್ರಿ, ಗಟ್ಟಿಯಾಗಿ ಮಾತಾಡಿದವರೇ ಅಲ್ಲ. ಆದರೆ ಅವರದೊಂದು ಹಟವಿತ್ತು. ದೇವರ ಮನೆಯೊಳಗೆ ಹಾಜರಿ ಕೂಗಬಾರದು. ಅದೇನು ಕ್ಲಾಸೇ, ಕಚೇರಿಯೇ ಎನ್ನುತ್ತಿದ್ದರಂತೆ. ಇತ್ತ ವಾರ್ಡನ್ ಮೇಡಂಗೆ ಹಾಜರಿ ಇಲ್ಲದಿದ್ದರೆ ಅನ್ನ ಇಳಿಯುತ್ತಿರಲಿಲ್ಲ. ಅವರು ಒಂದು ಉಪಾಯ ಮಾಡಿದ್ದರು. ಚಾಪೆಲ್ಲಿನ ಹೊರಗಿನ ಕಟ್ಟೆಯ ಮೇಲೆ ಕಟ್ಟಿಗೆಯ ಗೂಡುಗಳ ಸಾಲು ಮಾಡಿಸಿ, ಒಂದೊಂದಕ್ಕೂ ಬಿಳಿ ಬಣ್ಣದಲ್ಲಿ ನಂಬರು ಬರೆಸಿದ್ದರು. ಅವರವರ ಚಪ್ಪಲಿ ಅವರವರ ಗೂಡಿನಲ್ಲಿ. ಶಿಸ್ತಿಗಾಗಿ ಎಂದು ನಮಗೆ ಹೇಳಿದ್ದು. ಒಳಗೆ ನಾವು ಕಣ್ಣು ಮುಚ್ಚಿದಾಗ ಹಾಸ್ಟೆಲಿನ ಮುದುಕಿ ಆಯಾ ಪಾಟಿ ಬಳಪ ಹಿಡಿದು ಬಂದು, ಯಾವ ಗೂಡು ಖಾಲಿ ಇದೆಯೋ ಅದರ ನಂಬರು ಬರೆದುಕೊಳ್ಳುತ್ತಿದ್ದಳು.

ಇದು ಎಲ್ಲರಿಗೂ ಗೊತ್ತಿದ್ದ ವಿಷಯವಲ್ಲ. ಎರಡನೇ ವರ್ಷದ ಅಕ್ಕನೊಬ್ಬಳು ನನ್ನ ಕೋಣೆಯಲ್ಲಿದ್ದಳು. ನಾನು ಬೆಳಿಗ್ಗೆ ಏಳಲಾರದೆ ಗೊಣಗುವುದನ್ನು ಎರಡು ವಾರ ಕೇಳಿ ಅವಳೇ ಗುಟ್ಟು ಬಿಟ್ಟುಕೊಟ್ಟಳು.

"ಹುಚ್ಚಿ, ಹಾಜರಿ ತಗೊಳ್ಳಾಕಿ ಆಯಾ. ಆಯಾ ನೋಡೋದು ಚಪ್ಪಲಿ. ನಿನ್ನ ಮಾರಿ ಯಾರು ನೋಡ್ಯಾರ?"

ಮುಂದಿನ ಸಂತೆಯಲ್ಲಿ ನಾನು ಹೊಸ ಹವಾಯಿ ಚಪ್ಪಲಿ ತಂದೆ. ಬಾರು ಕಿತ್ತು, ಪಿನ್ನು ಚುಚ್ಚಿ ದಬ್ಬುತ್ತಿದ್ದ ಹಳೇ ಜೋಡನ್ನು ನಲವತ್ತೊಂದನೇ ಗೂಡಿನಲ್ಲಿಟ್ಟು ಬಂದೆ. ಅಂದಿನಿಂದ ನನ್ನ ಚಪ್ಪಲಿ ಪ್ರಾರ್ಥನೆ ಮಾಡಿತು, ನಾನು ಜಳಕ ಮಾಡಿದೆ.

ಜಳಕದ ವಿಷಯ ಹೇಳಬೇಕು, ಯಾಕೆಂದರೆ ಎಲ್ಲ ನಡೆದದ್ದು ಅದಕ್ಕಾಗಿ. ಹಾಸ್ಟೆಲಿಗೆಲ್ಲ ಒಂದೇ ತಾಮ್ರದ ಹಂಡೆ. ಚಾಪೆಲ್ಲು ಬಿಟ್ಟೊಡನೆ ಹುಡುಗಿಯರೆಲ್ಲ ಬಕೆಟ್ಟು ಹಿಡಿದು ಓಡುತ್ತಿದ್ದರು. ಮೊದಲ ಹತ್ತು ಜನರಿಗೆ ಬಿಸಿನೀರು, ಆಮೇಲಿನವರಿಗೆ ಉಗುರು ಬೆಚ್ಚಗಿನದು, ಉಳಿದವರಿಗೆ ಬೈಗುಳ. ಚಾಪೆಲ್ಲಿನ ಹೊತ್ತಿನಲ್ಲಿ ಹಂಡೆ ತುಂಬ ಕುದಿಯುವ ನೀರು, ಬಚ್ಚಲು ಖಾಲಿ. ನಾನು ಒಂದಲ್ಲ, ಎರಡು ಬಕೆಟ್ಟು ಸುರಿದುಕೊಳ್ಳುತ್ತಿದ್ದೆ. ದೇವರು ನನ್ನವನಲ್ಲವಲ್ಲ, ಅವನಿಗೆ ನಾನು ಮೋಸ ಮಾಡಿದಂತೆ ಹೇಗಾದೀತು ಎಂದು ಮನಸ್ಸಿಗೆ ಹೇಳಿಕೊಂಡಿದ್ದೆ. ನಮ್ಮ ಬೀರದೇವರಿಗೆ ಹೀಗೆ ಮಾಡುತ್ತಿದ್ದೆನೇ ಎಂದು ಒಂದು ಸಲವೂ ಕೇಳಿಕೊಳ್ಳಲಿಲ್ಲ.

ನಲವತ್ತೆರಡನೇ ನಂಬರಿನವಳು ಕಾಲೇಜು ಶುರುವಾಗಿ ತಿಂಗಳಾದ ಮೇಲೆ ನಮ್ಮ ಕೋಣೆಗೇ ಬಂದಳು. ಸಂತೆಕಲ್ಲೂರಿನ ಕಡೆಯವಳು. ಅವರ ಕೇರಿಯವರು ಅಜ್ಜನ ಕಾಲದಲ್ಲೇ ಕ್ರೈಸ್ತರಾಗಿದ್ದರು. ಅವರೂರಿನ ಸಭೆಯವರು, ಅಂದರೆ ಚರ್ಚಿನವರು, ಪತ್ರ ಕೊಟ್ಟು ಕಳಿಸಿದ್ದರಿಂದ ಅವಳಿಗೆ ಹಾಸ್ಟೆಲಿನಲ್ಲಿ ಫೀ ಇಲ್ಲದ ಸಭೆಯ ಸೀಟು ಸಿಕ್ಕಿತ್ತು. ಅಂಥ ಸೀಟಿಗೆ ಒಂದೇ ಷರತ್ತು, ಚಾಪೆಲ್ಲು ತಪ್ಪಿಸಬಾರದು. ಅವರ ಕೇರಿಯಲ್ಲಿ ಅವಳಷ್ಟು ಓದಿದ ಹೆಣ್ಣು ಇನ್ನೊಬ್ಬಳಿರಲಿಲ್ಲ. ಟೀಚರಾಗಿ ತಿರುಗಿ ಅದೇ ಊರಿನ ಸಾಲೆಗೆ ಹೋಗಬೇಕು ಎಂದು ಬಂದ ದಿನವೇ ನನಗೆ ಹೇಳಿದಳು, ನಾನು ಕೇಳದಿದ್ದರೂ.

ಐದು ಗಂಟೆಗೆ ಎದ್ದು ತಣ್ಣೀರಿನಲ್ಲಿ ಮೈ ತೊಳೆದುಕೊಂಡು, ತಲೆ ತುಂಬ ಸೆರಗು ಹೊದ್ದು ಹೊರಡುತ್ತಿದ್ದಳು. ಹೋಗುವಾಗ ಚಪ್ಪಲಿಯನ್ನು ಕೋಣೆಯ ಬಾಗಿಲಲ್ಲೇ ಬಿಡುತ್ತಿದ್ದಳು. ಹಾಸ್ಟೆಲಿನಿಂದ ಚಾಪೆಲ್ಲಿಗೆ ಗರಸುಕಲ್ಲಿನ ದಾರಿ, ಜಾಲಿಮುಳ್ಳು ಬೇರೆ. ಒಂದು ದಿನ ಹಾಸಿಗೆಯಲ್ಲಿ ಮಲಗಿದ್ದಲ್ಲಿಂದಲೇ ಕೇಳಿದೆ, ಕಾಲಿಗೆ ಚುಚ್ಚುವುದಿಲ್ಲವೇ ಎಂದು.

"ನಮ್ಮೂರಾಗ ಹಂಗ ಬೇ," ಅಂದಳು. "ದೇವರ ಮನಿಗೆ ಹೋಗಬೇಕಂದ್ರ ಚಪ್ಪಲಿ ಮನ್ಯಾಗ ಬಿಟ್ಟು ಹೋಗತೀವಿ. ಬಾಗಲತನಕ ಹಾಕ್ಕೊಂಡು ಹೋಗಿ ಅಲ್ಲಿ ಬಿಡೋದು ನಮ್ಮವ್ವಗ ಬರೋಬರಿ ಅನಸಂಗಿಲ್ಲ."

ಅವಳ ಗೂಡು ದಿನಾ ಖಾಲಿ ಇರುತ್ತದೆ ಎಂದು ಆಗಲೇ ನನಗೆ ಹೊಳೆಯಬೇಕಿತ್ತು. ನಾನು ಮಗ್ಗಲು ಬದಲಿಸಿ ಮಲಗಿದೆ.

ಅವಳು ಬಂದ ಮೊದಲ ವಾರದಲ್ಲೇ ಒಂದು ಘಟನೆ ನಡೆಯಿತು. ಅದನ್ನು ನೆನೆದರೆ ಇವತ್ತಿಗೂ ಕೂತಲ್ಲಿ ಕೂಡಲಾಗುವುದಿಲ್ಲ. ಚಾಪೆಲ್ಲು ಮುಗಿಸಿ ಬಂದವಳು ನಮ್ಮ ಕೋಣೆಯ ಬಾಗಿಲಲ್ಲಿ ನಿಂತಿದ್ದಳು, ಎರಡೂ ಕೈಯಲ್ಲಿ ನನ್ನ ಪಿನ್ನು ಚುಚ್ಚಿದ ಹಳೇ ಚಪ್ಪಲಿ.

"ಅಲ್ಲೇ ಬಿಟ್ಟು ಬಂದೀದಿ. ತಗೋ," ಅಂದಳು.

ವರಾಂಡದ ಆ ತುದಿಯಲ್ಲಿ ವಾರ್ಡನ್ ಮೇಡಂ ನಿಂತಿದ್ದರು. "ನನ್ನ ಚಪ್ಪಲಿ ಯಾಕ ಮುಟ್ಟಿದಿ? ಅಲ್ಲೇ ಒಯ್ದು ಇಡು. ಇನ್ನೊಮ್ಮೆ ಮುಟ್ಟಬ್ಯಾಡ," ಎಂದು ಹಲ್ಲು ಕಚ್ಚಿ ಹೇಳಿದೆ. ನನ್ನ ತಲೆಯಲ್ಲಿದ್ದದ್ದು ಸಿಕ್ಕಿಬೀಳುವ ಭಯವೊಂದೇ. ಆದರೆ ನನ್ನ ಬಾಯಿಂದ, ಅವಳ ಕೇರಿಯ ಹುಡುಗಿಗೆ, ಮುಟ್ಟಬ್ಯಾಡ ಎನ್ನುವ ಮಾತು ಯಾವ ಅರ್ಥದಲ್ಲಿ ಹೋಗಿ ತಾಗುತ್ತದೆ ಎಂದು ತಿಳಿಯದಷ್ಟು ಮುಗ್ಧೆಯೇನೂ ನಾನಲ್ಲ. ನಮ್ಮೂರಲ್ಲಿ ಹುಟ್ಟಿ ಬೆಳೆದವರಿಗೆ ಅದು ತಿಳಿಯುತ್ತದೆ. ಅವಳು ಮುಖ ಸಪ್ಪಗೆ ಮಾಡಿಕೊಂಡು, ಅದೇ ದಾರಿಯಲ್ಲಿ ವಾಪಸು ಹೋಗಿ ಇಟ್ಟು ಬಂದಳು. ಮುಂದೆ ಅದರ ಸುದ್ದಿ ತೆಗೆಯಲಿಲ್ಲ. ನಾನು ತಪ್ಪಾಯಿತು ಎನ್ನಲಿಲ್ಲ.

ನಲವತ್ತನೇ ನಂಬರಿನವಳು ದಸರೆ ರಜೆಗೆ ಹೋದವಳು ಮದುವೆಯಾಗಿ ಅಲ್ಲೇ ಉಳಿದಳು. ಹಾಗಾಗಿ ಕಂಬದ ಹಿಂದೆ ನಾವಿಬ್ಬರೇ, ಅಂದರೆ ಅವಳೊಬ್ಬಳೇ. ದೀಪಾವಳಿ ಆದ ಮೇಲೆ ಹಂಡೆಗೆ ತೂತು ಬಿದ್ದು ರಿಪೇರಿಗೆ ಹೋಯಿತು. ಆ ಒಂದು ವಾರ ನಾನು ದಿನಾ ಚಾಪೆಲ್ಲಿಗೆ ಹೋದೆ. ಹೇಗಿದ್ದರೂ ತಣ್ಣೀರು, ಹೇಗಿದ್ದರೂ ಚಳಿ, ಒಳಗೆ ಅಷ್ಟು ಜನರ ನಡುವೆ ಬೆಚ್ಚಗಾದರೂ ಇರುತ್ತದೆ ಎಂದು. ನಾನು ಹೋಗಿ ಪಕ್ಕದಲ್ಲಿ ಕೂತೊಡನೆ ಅವಳು ನನ್ನ ಮೊಣಕೈ ಹಿಡಿದಳು.

"ಅಂತೂ ಒಳಗ ಬಂದ್ಯಲ್ಲ," ಅಂದಳು. ಅವಳ ಕಣ್ಣಲ್ಲಿ ನೀರಿತ್ತು.

ಇದೇನು ಹುಚ್ಚು ಎಂದುಕೊಂಡೆ. ಆ ಮಾತಿನ ಅರ್ಥ ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಆ ವಾರ ಅವಳು ಪ್ರಾರ್ಥನೆ ಮಾಡುವುದನ್ನು ಕೇಳಿದೆ. ತುಟಿ ಅಲುಗಿಸುತ್ತ, ಸಣ್ಣ ದನಿಯಲ್ಲಿ, ಪಕ್ಕದಲ್ಲಿದ್ದವರೊಡನೆ ಮಾತಾಡಿದಂತೆ ಮಾಡುತ್ತಿದ್ದಳು. ಅವ್ವನ ಮೊಣಕಾಲು ನೋವು, ತಮ್ಮನ ಪರೀಕ್ಷೆ, ಆಯಾನ ಕಣ್ಣಿನ ಪೊರೆ, ಎಲ್ಲ ಒಂದೊಂದಾಗಿ ಒಪ್ಪಿಸುತ್ತಿದ್ದಳು. ನನ್ನ ಹೆಸರೂ ಬಂತು. ಹಂಡೆ ರಿಪೇರಿಯಾಗಿ ಬಂದ ಮರುದಿನ ನಾನು ಮತ್ತೆ ಬಚ್ಚಲಿಗೆ ಹೋದೆ.

ಕ್ರಿಸ್ಮಸ್ ರಜೆ ಮುಗಿದ ಮೇಲೆ ನೋಟೀಸು ಬೋರ್ಡಿಗೆ ಚಾಪೆಲ್ಲಿನ ಹಾಜರಿ ಹಚ್ಚಿದರು. ನನ್ನದು ಪೂರಾ. ಅವಳ ನಂಬರಿನ ಮುಂದೆ ಒಂದು ದಿನವೂ ಬಂದಿಲ್ಲ ಎಂದಿತ್ತು. ವಾರ್ಡನ್ ಮೇಡಂ ಎಲ್ಲರ ಎದುರಿಗೇ ಅವಳನ್ನು ನಿಲ್ಲಿಸಿ ಬೈದರು.

"ಹಿಂದೂ ಹುಡುಗ್ಯಾರು ತಪ್ಪದ ಬರತಾರ. ಸಭಾದ ಸೀಟು ತಗೊಂಡು ಬಂದಾಕಿ ನಿನಗ ಏಳಾಕ ಆಗಂಗಿಲ್ಲೇನು? ಮ್ಯಾಲೆ ದಿನಾ ಬರತೀನಿ ಅಂತ ಸುಳ್ಳು ಬ್ಯಾರೆ!"

ಅವಳು ಕೋಣೆಗೆ ಬಂದು ನನ್ನ ಮಂಚದ ತುದಿಗೆ ಕೂತಳು. "ನಾ ದಿನಾ ಹೋಗೀನಿ. ಖರೇನ ಹೋಗೀನಿ. ಹ್ಯಾಂಗ ಹಿಂಗಾತು?" ಎಂದು ಕೇಳಿದಳು. ಉತ್ತರ ನನ್ನ ನಾಲಿಗೆಯ ಮೇಲೇ ಇತ್ತು. ಚಪ್ಪಲಿ ಹಾಕಿಕೊಂಡು ಹೋಗಿ ಗೂಡಿನಲ್ಲಿ ಬಿಡು, ಅಷ್ಟೇ ಸಾಕು ಎಂದಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಅವಳು ಎಂಥವಳೆಂದು ನನಗೆ ಗೊತ್ತಿತ್ತು. ಮರುಕ್ಷಣವೇ ಎದ್ದು ಹೋಗಿ, ಚಪ್ಪಲಿ ನೋಡಿ ಹಾಜರಿ ಹಾಕತೀರೇನ್ರೀ ಮೇಡಂ ಎಂದು ಕೇಳಿಬಿಡುತ್ತಾಳೆ. ಮೇಡಂ ಗೂಡು ನೋಡಲು ಬರುತ್ತಾರೆ. ದಿನವಿಡೀ ಅಲ್ಲೇ ಬಿದ್ದಿರುವ ನನ್ನ ಪಿನ್ನಿನ ಚಪ್ಪಲಿ ಕಾಣುತ್ತದೆ.

"ಮುದುಕಿ ಏನೋ ತಪ್ಪು ಬರದಿರತಾಳ ಬಿಡು," ಅಂದೆ. "ಮುಂದಿನ ಸಲ ಸರಿ ಆಗತೈತಿ."

ಅವಳು ನಂಬಿದಳು. ಎದ್ದು ಹೋಗಿ ಮುಖ ತೊಳೆದುಕೊಂಡಳು. ಮರುದಿನದಿಂದ ಅರ್ಧ ಗಂಟೆ ಮೊದಲೇ ಚಾಪೆಲ್ಲಿಗೆ ಹೋಗತೊಡಗಿದಳು, ಬರಿಗಾಲಲ್ಲಿ.

ಮುಂದಿನ ಸಲ ಸರಿಯಾಗಲಿಲ್ಲ. ವರ್ಷದ ಕೊನೆಯ ಪಟ್ಟಿಯಲ್ಲೂ ಅವಳ ಸಾಲು ಹಾಗೆಯೇ ಇತ್ತು. ಸೀಟು ಬಿಡಿಸಬೇಕೆಂದು ವಾರ್ಡನ್ ಮೇಡಂ ಹಟ ಹಿಡಿದರು. ಪ್ರಿನ್ಸಿಪಾಲರು ಒಂದೇ ಸಲಕ್ಕೆ ಒಪ್ಪುವವರಲ್ಲ. ಅವಳ ಪಕ್ಕದಲ್ಲಿ ಕೂಡುವವಳು ಯಾರು ಎಂದು ಪಟ್ಟಿ ನೋಡಿ ನನ್ನನ್ನು ಕರೆಸಿದರು. ಮಧ್ಯಾಹ್ನದ ಹೊತ್ತು. ಆಫೀಸಿನಲ್ಲಿ ಅವರು, ಮೇಡಂ, ಮೇಜಿನ ಈಚೆ ಅವಳು. ನಾನು ಒಳಗೆ ಹೋದಾಗ ಅವಳ ಮುಖ ಅರಳಿತು. ತನ್ನ ಕಡೆಯವರು ಬಂದರು ಎನ್ನುವ ಹಾಗೆ ನೋಡಿದಳು.

"ಮಗಳೇ," ಎಂದರು ಪ್ರಿನ್ಸಿಪಾಲರು. "ನಿನ್ನ ಹಾಜರಿ ಒಂದು ದಿನವೂ ತಪ್ಪಿಲ್ಲ. ನಿನ್ನ ಮಾತನ್ನು ನಾನು ನಂಬುತ್ತೇನೆ. ಈ ಹುಡುಗಿ ನಿನ್ನ ಪಕ್ಕದಲ್ಲಿ ಕೂತು ಪ್ರಾರ್ಥನೆ ಮಾಡಿದ್ದನ್ನು ನೀನು ನೋಡಿದ್ದೀಯಾ?"

ನೋಡಿದ್ದೆ. ಏಳು ದಿನ ಪಕ್ಕದಲ್ಲೇ ಕೂತು ನೋಡಿದ್ದೆ. ಉಳಿದ ದಿನಗಳಲ್ಲಿ ಹಾಸಿಗೆಯಿಂದಲೇ ಅವಳು ಹೋಗುವುದನ್ನು ನೋಡಿದ್ದೆ. ಹೌದು ಎಂದರೆ ಸಾಕಿತ್ತು. ಆದರೆ ಹೌದು ಎಂದರೆ ಪಟ್ಟಿ ಸುಳ್ಳಾಗುತ್ತದೆ. ಪಟ್ಟಿ ಯಾಕೆ ಸುಳ್ಳಾಯಿತೆಂದು ಮೇಡಂ ಹುಡುಕುತ್ತಾರೆ. ಹುಡುಕಿದರೆ ಗೂಡಿಗೆ ಬರುತ್ತಾರೆ. ಆ ಕ್ಷಣದಲ್ಲಿ ನನ್ನ ಕಣ್ಣ ಮುಂದೆ ಬಂದದ್ದು ಅವಳ ಊರಿನ ಸಾಲೆಯಲ್ಲ, ಅವಳ ಅವ್ವನಲ್ಲ. ಗೇಟಿನ ಹತ್ತಿರ ಕಂಬಳಿ ಹೆಗಲಿಗೆ ಹಾಕಿಕೊಂಡು ತಲೆ ತಗ್ಗಿಸಿ ನಿಂತ ನನ್ನ ಅಪ್ಪ.

"ನಾ ಕಣ್ಣ ಮುಚ್ಕೊಂಡಿರತೀನ್ರೀ ಸರ್," ಅಂದೆ. "ಬಾಜೂಕ ಯಾರು ಇರತಾರ ಅಂತ ನೋಡಂಗಿಲ್ಲ."

ಪ್ರಿನ್ಸಿಪಾಲರು ಮೆಚ್ಚಿಕೊಂಡು ತಲೆಯಾಡಿಸಿದರು. ಪ್ರಾರ್ಥನೆ ಎಂದರೆ ಹಾಗಿರಬೇಕು ಎಂದು ಮೇಡಂ ಕಡೆ ತಿರುಗಿ ಹೇಳಿದರು. ನಾನು ಅವಳ ಕಡೆ ನೋಡಲಿಲ್ಲ. ನೆಲ ನೋಡಿದೆ. ನೆಲದ ಮೇಲೆ ಅವಳ ಕಾಲು ಕಂಡವು, ಹಿಮ್ಮಡಿ ಒಡೆದಿದ್ದವು. ಈಗ ಬಾಯಿ ಬಿಡುತ್ತಾಳೆ, ಇವಳು ಬರುವುದೇ ಇಲ್ಲ ಸರ್ ಎಂದುಬಿಡುತ್ತಾಳೆ ಎಂದು ಕಾದೆ. ಅವಳು ಏನೂ ಹೇಳಲಿಲ್ಲ.

ಅದೇ ವಾರ ನನಗೆ ಬಹುಮಾನ. ಕಾಲೇಜಿನ ಕಾರ್ಯಕ್ರಮದಲ್ಲಿ ಹೆಸರು ಕೂಗಿ, ಪಟವನ್ನು ಬಣ್ಣದ ಕಾಗದದಲ್ಲಿ ಸುತ್ತಿ ಕೊಟ್ಟರು. ಎಲ್ಲರೂ ಚಪ್ಪಾಳೆ ತಟ್ಟಿದರು. ಕಡೆಯ ಸಾಲಿನಲ್ಲಿ ಅವಳೂ ತಟ್ಟುತ್ತಿದ್ದಳು. ಅವಳ ಸೀಟು ಹೋಗಿತ್ತು. ಇನ್ನೆರಡು ದಿನಕ್ಕೆ ಅವಳ ಅಣ್ಣ ಬಂದು ಟ್ರಂಕು ಹೊತ್ತುಕೊಂಡು ಹೋದ. ನಾನು ಆಗ ಬಟ್ಟೆ ಒಗೆಯುವ ನೆಪದಲ್ಲಿ ಹಿತ್ತಲಿನಲ್ಲಿದ್ದೆ. ಕೋಣೆಗೆ ಬಂದಾಗ ನನ್ನ ದಿಂಬಿನ ಮೇಲೆ ಅವಳ ಹಾಡಿನ ನೋಟುಬುಕ್ಕು ಇತ್ತು. ನನಗೆ ಬಿಟ್ಟು ಹೋಗಿದ್ದಳು. ಅವಳ ಮಂಚ ಒಂದು ವರ್ಷ ಖಾಲಿ ಇತ್ತು. ಎರಡನೇ ವರ್ಷ ನಾನು ಒಂದು ದಿನವೂ ಚಾಪೆಲ್ಲು ತಪ್ಪಿಸಲಿಲ್ಲ. ಅದರಿಂದ ಯಾರಿಗೂ ಏನೂ ಉಪಕಾರವಾಗಲಿಲ್ಲ.

ನನಗೆ ಸರಕಾರಿ ನೌಕರಿ ಸಿಕ್ಕಿತು. ಬಳಗಾನೂರಿನ ಸಾಲೆ, ಸಿಂಧನೂರಿನಲ್ಲಿ ಮನೆ, ದಿನಾ ಬಸ್ಸಿನಲ್ಲಿ ಓಡಾಟ. ನಮ್ಮ ಸಾಲೆಯಲ್ಲೂ ಮಕ್ಕಳು ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬರುತ್ತಾರೆ. ಹಾಜರಿ ಕೂಗುವಾಗ ನಾನು ಪ್ರತಿಯೊಬ್ಬರ ಮುಖ ನೋಡಿಯೇ ಗುರುತು ಹಾಕುತ್ತೇನೆ. ಎಷ್ಟು ಹೊತ್ತು ಹಾಜರಿ ತೆಗೆದುಕೊಳ್ಳುತ್ತೀರಿ ಟೀಚರೇ ಎಂದು ಹೆಡ್‌ಮಾಸ್ತರರು ನಗುತ್ತಿದ್ದರು. ನನಗೆ ನಗು ಬರುತ್ತಿರಲಿಲ್ಲ.

ತೊಂಬತ್ತರ ದಶಕ ಅರ್ಧ ಕಳೆದಿತ್ತು. ಒಂದು ಶನಿವಾರ ಮಧ್ಯಾಹ್ನ, ತವರಿಗೆ ಹೋಗಲು ಮಸ್ಕಿ ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದೆ. ಯಾರೋ ಹಿಂದಿನಿಂದ ನನ್ನ ಮೊಣಕೈ ಹಿಡಿದರು. ತಿರುಗಿ ನೋಡುವ ಮೊದಲೇ ಗೊತ್ತಾಯಿತು. ಮೊದಲು ನನ್ನ ಕಣ್ಣು ಹೋದದ್ದು ಅವಳ ಕಾಲಿಗೆ. ಚಪ್ಪಲಿ ಹಾಕಿದ್ದಳು.

"ಗುರುತು ಸಿಕ್ತೇನು ಟೀಚರಮ್ಮಾ?" ಎಂದು ನಕ್ಕಳು. ಮೈ ಸ್ವಲ್ಪ ತುಂಬಿಕೊಂಡಿದ್ದಳು. ಮದುವೆಯಾಗಿ ಇಬ್ಬರು ಮಕ್ಕಳು. ಊರಿನ ಅಂಗನವಾಡಿಯಲ್ಲಿ ಅಡಿಗೆ ಮಾಡಿ, ಮಕ್ಕಳನ್ನು ಮನೆಯಿಂದ ಕರೆತರುವ ಕೆಲಸ. "ಆಯಾ ಆಗೀನಿ ನೋಡು. ನಮ್ಮ ಹಾಸ್ಟೆಲ್ ಮುದುಕಿಯಂಗ," ಅಂದಳು. ಅದನ್ನು ನಕ್ಕೇ ಹೇಳಿದಳು. ನನಗೆ ಅಲ್ಲೇ ಭೂಮಿಗೆ ಇಳಿದು ಹೋಗಬೇಕೆನಿಸಿತು.

ಕಟ್ಟೆಯ ಮೇಲೆ ಕೂತೆವು. ಅವಳು ಗಂಟಿನಿಂದ ಶೇಂಗಾ ತೆಗೆದು ಕೊಟ್ಟಳು. ಅವಳೇ ಮಾತಾಡಿದಳು, ನಾನು ಸಿಪ್ಪೆ ಸುಲಿಯುತ್ತ ಕೂತೆ. ಕೊನೆಗೆ ತಡೆಯಲಾರದೆ ಕೇಳಿಯೇಬಿಟ್ಟೆ.

"ಅವತ್ತು ಆಫೀಸಿನ್ಯಾಗ ನೀ ಯಾಕ ಸುಮ್ಕಿದ್ದಿ? ನಾ ಬರತಿರಲಿಲ್ಲ ಅಂತ ನಿನಗ ಗೊತ್ತಿತ್ತಲ್ಲ."

ಅವಳು ನನ್ನನ್ನು ಅಚ್ಚರಿಯಿಂದ ನೋಡಿದಳು. "ಬರತಿರಲಿಲ್ಲ ಅಂದ್ರ? ನಿನ್ನ ಚಪ್ಪಲಿ ದಿನಾ ಗೂಡಿನ್ಯಾಗ ಇರತಿದ್ವಲ್ಲ. ನೀ ಹೊರಗ ನಿಂದ್ರತಿದ್ದಿ. ನನಗೇನು ಗೊತ್ತಾಗಂಗಿಲ್ಲೇನು?"

ನನಗೆ ಏನೂ ತಿಳಿಯಲಿಲ್ಲ. ಅವಳೇ ಬಿಡಿಸಿ ಹೇಳಿದಳು. ಅವರೂರಿನಲ್ಲಿ ಅವಳ ಅಜ್ಜ, ಕ್ರೈಸ್ತನಾಗುವ ಮೊದಲು, ಗುಡಿಯ ಹೊರಗೆ ಬೇವಿನ ಗಿಡದ ಹತ್ತಿರ ನಿಂತು ಕೈ ಮುಗಿದು ಬರುತ್ತಿದ್ದನಂತೆ. ಒಳಗೆ ಬಿಡುತ್ತಿರಲಿಲ್ಲ. ನಾನು ಹಿಂದೂ ಹುಡುಗಿ, ನನಗೆ ಒಳಗೆ ಬರಲು ಮನಸ್ಸು ಅಳುಕುತ್ತದೆ, ಬಾಗಿಲ ಮಗ್ಗುಲಲ್ಲಿ ಮರೆಯಾಗಿ ನಿಂತು ಕೇಳಿ ಹೋಗುತ್ತೇನೆ, ಯಾರಾದರೂ ಕಂಡಾರೆಂದು ನಾಚಿ ಚಪ್ಪಲಿ ಮೆಟ್ಟುವುದನ್ನೂ ಮರೆತು ಓಡುತ್ತೇನೆ ಎಂದು ಅವಳು ತಿಳಿದಿದ್ದಳು. ವರ್ಷವಿಡೀ ಹಾಗೇ ತಿಳಿದಿದ್ದಳು.

"ಹೊರಗ ನಿಂತಾರನ್ನ ಬಂದಿಲ್ಲ ಅಂತ ಹ್ಯಾಂಗ ಹೇಳಲಿ ಬೇ? ನಮ್ಮಜ್ಜನ್ನ ಹಂಗ ಯಾರರ ಅಂದಿದ್ರ? ಈ ಹುಡುಗಿ ಒಳಗ ಬರೂವಂಗ ಮಾಡಪ್ಪಾ ಅಂತ ದಿನಾ ಕೇಳತಿದ್ದೆ. ಒಂದು ವಾರ ಬಂದಿ ನೋಡು, ಎಷ್ಟು ಖುಷಿ ಆಗಿತ್ತು ನನಗ."

ನಾನು ಶೇಂಗಾ ಕೈಯಲ್ಲಿ ಹಿಡಿದು ಕೂತಿದ್ದೆ.

"ಎರಡು ಸಲ ನಾಯಿ ನಿನ್ನ ಚಪ್ಪಲಿ ಎಳಕೊಂಡು ಹೋಗಿತ್ತು," ಎಂದು ಮತ್ತೆ ನಕ್ಕಳು. "ನೀ ಮುಟ್ಟಬ್ಯಾಡ ಅಂದಿದ್ದಿ. ಕೋಲಿನಾಗ ಸಿಗಿಸಿ ತಂದು ಇಟ್ಟೆ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಬೈಯಲಿಲ್ಲ. ದನಿ ತಗ್ಗಿಸಿ ಕೇಳಿದಳು.

"ಒಂದು ಮಾತು. ನನ್ನ ಹಾಜರಿ ಯಾಕ ಬರಲಿಲ್ಲ ಅಂತ ನಿನಗೇನರ ಗೊತ್ತೈತೇನು? ಇವತ್ತಿಗೂ ನನಗ ತಿಳಿದಿಲ್ಲ. ಒಮ್ಮೊಮ್ಮೆ ಅನಸತೈತಿ, ನಾ ಕೂತದ್ದು ಅವನ ಲೆಕ್ಕಕ್ಕ ಬರಲಿಲ್ಲೇನೋ ಅಂತ."

ಅವನ ಎಂದಾಗ ಅವಳು ಮೇಲೆ ನೋಡಿದಳು. ಇಷ್ಟು ವರ್ಷ ಅವಳು ಆ ಭಾರ ಹೊತ್ತಿದ್ದಳು. ಮುದುಕಿಯ ಪಾಟಿ, ಕಟ್ಟಿಗೆಯ ಗೂಡು, ಬರಿಗಾಲು, ಇಷ್ಟೇ ಇಷ್ಟು. ಒಂದೇ ಮಾತಿನಲ್ಲಿ ಇಳಿಸಿಬಿಡಬಹುದಿತ್ತು. ಇಳಿಸಿದರೆ ನನಗೆ ಅದು ಆಗಲೇ ಗೊತ್ತಿತ್ತೆಂದು ತಿಳಿಯುತ್ತಿತ್ತು. ನಾನು ಹೊರಗೆ ನಿಂತಿರಲಿಲ್ಲವೆಂದೂ ತಿಳಿಯುತ್ತಿತ್ತು. ಈಗ ನನ್ನ ಸೀಟು ಕಿತ್ತುಕೊಳ್ಳುವವರು ಯಾರೂ ಇರಲಿಲ್ಲ, ಅಪ್ಪ ಗೇಟಿನಲ್ಲಿ ನಿಲ್ಲಬೇಕಿರಲಿಲ್ಲ. ಹೆದರಲು ಯಾವ ಕಾರಣವೂ ಉಳಿದಿರಲಿಲ್ಲ. ಆದರೂ ಅವಳು ನನ್ನನ್ನು ನೋಡುತ್ತಿದ್ದ ಆ ನೋಟ ಕಳೆದುಕೊಳ್ಳಲು ನನ್ನಿಂದ ಆಗಲಿಲ್ಲ.

"ಗೊತ್ತಿಲ್ಲ," ಅಂದೆ.

ಸಂತೆಕಲ್ಲೂರಿಗೆ ಹೋಗುವ ಟಂಟಂನವನು ಕೂಗತೊಡಗಿದ. ಅವಳು ಗಂಟು ಎತ್ತಿಕೊಂಡು ಎದ್ದಳು. ಉಳಿದ ಶೇಂಗಾ ನನ್ನ ಸೆರಗಿಗೆ ಸುರಿದಳು. ಎರಡು ಹೆಜ್ಜೆ ಹೋಗಿ ಏನೋ ನೆನಪಾದವಳಂತೆ ತಿರುಗಿದಳು.

"ಹೊರಗ ನಿಂತಾಗ ಹಾಡು ಕೇಳಸತಿತ್ತೇನು ನಿನಗ?"

"ಕೇಳಸತಿತ್ತು," ಅಂದೆ.

ಅದೊಂದು ನಿಜ. ಬಚ್ಚಲು ಚಾಪೆಲ್ಲಿನ ಹಿಂದೆಯೇ ಇತ್ತು. ಎರಡನೇ ಹಾಡು ಶುರುವಾಗುವ ಹೊತ್ತಿಗೆ ನಾನು ಎರಡನೇ ಬಕೆಟ್ಟು ತುಂಬಿಕೊಳ್ಳುತ್ತಿದ್ದೆ.

"ಹಂಗಾದ್ರ ಸಾಕು ಬಿಡು," ಅಂದಳು. ಖುಷಿಯಿಂದ ಟಂಟಂ ಹತ್ತಿ, ಹಿಂದಿನ ಸೀಟಿನಲ್ಲಿ ಕೂತು, ಕಾಣುವವರೆಗೂ ಕೈ ಬೀಸಿದಳು.